ಜಾತ್ರೆಯ ಆಟವನ್ನು ಸಂತೆಗೆ ತಂದ ಜವಳಿ ವ್ಯಾಪಾರಿ

ವಿಜಯಪುರ ಜಿಲ್ಲೆಯ ಇಂಗಳೇಶ್ವರವನ್ನು ನಾಡಿನ ಜನ ಬಲ್ಲುದು ಬಸವಣ್ಣನವರ ತಾಯಿ ಮಾದಲಾಂಬಿಕೆಯ ತವರೂರೆಂದು. ಬಸವನ ಬಾಗೇವಾಡಿ, ಇಂಡಿ, ಸಿಂದಗಿ, ಮುದ್ದೇಬಿಹಾಳಗಳ ಈ ಸೀಮೆಯಲ್ಲಿ ಜನ ಒಂದೆಡೆ ಸೇರಲು ಹಿಂದಿನಿಂದಲೂ ಎರಡು ನೆಪಗಳಿವೆ. ಒಂದು ಜಾತ್ರೆ, ಇನ್ನೊಂದು ಸಂತೆ. ಜಾತ್ರೆ ವರ್ಷಕ್ಕೊಮ್ಮೆ ಬರುತ್ತದೆ. ತೇರು ಎಳೆದ ಮೇಲೆ ಕುಸ್ತಿಯ ಕಣ ಕಟ್ಟುತ್ತದೆ, ಗೆದ್ದ ಪೈಲ್ವಾನ ಬೆಳ್ಳಿಯ ಕಡಗ ತೊಡುತ್ತಾನೆ, ಸೋತವನು ಮೈಯ ಮಣ್ಣು ಕೊಡವಿಕೊಂಡು ಅಂದೇ ಊರಿನ ದಾರಿ ಹಿಡಿಯುತ್ತಾನೆ. ಸಂತೆಯ ರೀತಿ ಬೇರೆ. ಅದಕ್ಕೆ ವಾರದ ದಿನ ಗೊತ್ತು. ಮಳೆ ಬಂದರೂ ಬಿಸಿಲಿದ್ದರೂ ಅದು ಕೂಡಲೇಬೇಕು. ಈ ವಾರ ನಷ್ಟವಾದವನು ಮುಂದಿನ ವಾರ ಮತ್ತೆ ತನ್ನ ಗಂಟು ಬಿಚ್ಚುತ್ತಾನೆ. ಜಾತ್ರೆ ಮನಸ್ಸಿಗೆ ಹಬ್ಬವಾದರೆ, ಒಲೆ ಉರಿಯುವುದು ಸಂತೆಯಿಂದ.

ಜಗತ್ತಿನ ಅತ್ಯಂತ ಜನಪ್ರಿಯ ಕ್ರೀಡೆಯಾದ ಫುಟ್‌ಬಾಲ್ ಕೂಡ ಮೊದಲು ಜಾತ್ರೆಯ ಆಟವೇ ಆಗಿತ್ತು. ಅದನ್ನು ಸಂತೆಯ ಕಟ್ಟಳೆಗೆ ಒಳಪಡಿಸಿದವರು ಬರ್ಮಿಂಗ್‌ಹ್ಯಾಮ್ ನಗರದ ಜವಳಿ ವ್ಯಾಪಾರಿ ವಿಲಿಯಂ ಮೆಕ್‌ಗ್ರೆಗರ್. ಇಂಗ್ಲೆಂಡಿನ ಫುಟ್‌ಬಾಲ್ ಲೀಗಿನ ಜನಕರೆಂದು ಹೆಸರಾದ ಅವರು ತೀರಿಕೊಂಡು ಒಂದು ಶತಮಾನಕ್ಕೂ ಮಿಕ್ಕಿದೆ. ಅವರ ಬದುಕನ್ನು ಈಗ ಮರಳಿ ನೋಡಲು ಕಾರಣ ನಮ್ಮ ದೇಶದಲ್ಲೇ ಇದೆ. 2025ರ ನಡುವಿನಲ್ಲಿ ಇಂಡಿಯನ್ ಸೂಪರ್ ಲೀಗ್ ಸ್ಥಗಿತಗೊಂಡು, ಬೆಂಗಳೂರಿನ ಕ್ಲಬ್ ಸೇರಿದಂತೆ ದೇಶದ ವೃತ್ತಿಪರ ತಂಡಗಳ ಆಟಗಾರರು ತಿಂಗಳುಗಟ್ಟಲೆ ಪಂದ್ಯವಿಲ್ಲದೆ ಕುಳಿತರು. ಲೀಗ್ ಎಂದರೇನು, ಅದು ಯಾರದು ಎಂಬ ಪ್ರಶ್ನೆ ಆಗ ಎದ್ದಿತು. ಆ ಪ್ರಶ್ನೆಗೆ ಈ ಅಂಗಡಿಕಾರ 1888ರಲ್ಲೇ ತನ್ನದೊಂದು ಉತ್ತರ ಬರೆದಿಟ್ಟಿದ್ದರು.

ಮೆಕ್‌ಗ್ರೆಗರ್ ಜನಿಸಿದ್ದು 1846ರಲ್ಲಿ, ಸ್ಕಾಟ್ಲೆಂಡಿನ ಪರ್ತ್‌ಶೈರ್‌ನ ಬ್ರೇಕೊ ಎಂಬ ಸಣ್ಣ ಊರಿನಲ್ಲಿ. ಊರಿನ ಬಳಿ ಕೆಲಸಕ್ಕೆ ಬಂದಿದ್ದ ಕಲ್ಲುಕುಟಿಗರು ಬಿಡುವಿನಲ್ಲಿ ಚೆಂಡು ಒದೆಯುತ್ತಿದ್ದುದನ್ನು ಬಾಲಕನಾಗಿದ್ದಾಗ ಕಂಡದ್ದೇ ಅವರಿಗಾದ ಮೊದಲ ಫುಟ್‌ಬಾಲ್ ಪರಿಚಯ. ಪರ್ತ್ ಪಟ್ಟಣದಲ್ಲಿ ಜವಳಿ ವ್ಯಾಪಾರದ ಪಾಠ ಕಲಿತು, 1870ರಲ್ಲಿ ಬರ್ಮಿಂಗ್‌ಹ್ಯಾಮ್‌ಗೆ ವಲಸೆ ಬಂದರು. ಅವರ ಸೋದರ ಆಗಲೇ ಅಲ್ಲಿದ್ದರು. ಆಸ್ಟನ್ ಭಾಗದ ಸಮ್ಮರ್ ಲೇನ್‌ನಲ್ಲಿ ಬಟ್ಟೆಯಂಗಡಿ ತೆರೆದರು. ಕಾರ್ಖಾನೆಗಳ ಹೊಗೆಯ ನಗರವದು. ಶನಿವಾರ ಮಧ್ಯಾಹ್ನದ ಬಿಡುವು ಕಾರ್ಮಿಕರಿಗೆ ಆಗಷ್ಟೇ ದೊರೆಯತೊಡಗಿದ್ದ ಕಾಲ. ಆ ಬಿಡುವನ್ನು ತುಂಬಿದ್ದು ಫುಟ್‌ಬಾಲ್.

ಅವರು ಆಟಗಾರರಲ್ಲ. ಮದ್ಯ ಮುಟ್ಟದ, ಚರ್ಚಿಗೆ ತಪ್ಪದೆ ಹೋಗುವ, ಉದಾರವಾದಿ ರಾಜಕೀಯದತ್ತ ಒಲವಿದ್ದ ಗಡ್ಡದ ವ್ಯಾಪಾರಿಯೊಬ್ಬರು ಆಟದ ಗೀಳಿಗೆ ಬಿದ್ದದ್ದು ನೋಡುಗರಾಗಿ. ನೆರೆಯಲ್ಲೇ ಆಸ್ಟನ್ ವಿಲ್ಲಾ ಎಂಬ ಕ್ಲಬ್ಬಿತ್ತು. ವೆಸ್ಲಿಯನ್ ಪಂಥದ ಚರ್ಚೊಂದಕ್ಕೆ ಸೇರಿದ ಯುವಕರು 1874ರಲ್ಲಿ ಕಟ್ಟಿದ್ದ ತಂಡವದು. ಅದರಲ್ಲಿ ಸ್ಕಾಟ್ಲೆಂಡಿನಿಂದ ಬಂದ ಕೆಲವರು ಆಡುತ್ತಿದ್ದುದು ಮೆಕ್‌ಗ್ರೆಗರ್ ಅವರನ್ನು ಸೆಳೆಯಿತು. 1877ರ ವೇಳೆಗೆ ಅವರು ಕ್ಲಬ್ಬಿನ ಆಡಳಿತದೊಳಗೆ ಬಂದರು. ಮುಂದೆ ಸಮಿತಿಯ ಸದಸ್ಯ, ನಿರ್ದೇಶಕ, ಅಧ್ಯಕ್ಷ ಎಂದು ಬಗೆಬಗೆಯ ಹೊಣೆ ಹೊತ್ತರು. ಅವರ ಅಂಗಡಿ ಆಟದ ಅಭಿಮಾನಿಗಳ ಕಟ್ಟೆಯಾಯಿತು. ಬಟ್ಟೆ ಅಳೆಯುವ ಮೇಜಿನ ಸುತ್ತ ತಂಡದ ಆಯ್ಕೆ, ಹಿಂದಿನ ಶನಿವಾರದ ಸೋಲು, ಮುಂದಿನ ಶನಿವಾರದ ಎದುರಾಳಿಯ ಚರ್ಚೆ ನಡೆಯುತ್ತಿತ್ತು. ವಿಲ್ಲಾ ಲಾಂಛನದ ಸಿಂಹ ಸ್ಕಾಟ್ಲೆಂಡಿನ ರಾಜಚಿಹ್ನೆಯಿಂದ ಬಂದದ್ದು ಅವರ ಪ್ರಭಾವದಿಂದ ಎಂದು ಹೇಳಲಾಗುತ್ತದೆ.

ಆ ದಿನಗಳ ಇಂಗ್ಲಿಷ್ ಫುಟ್‌ಬಾಲನ್ನು ಸುಡುತ್ತಿದ್ದ ವಿವಾದ ಒಂದೇ: ಆಡಲು ಹಣ ಪಡೆಯುವುದು ಸರಿಯೇ? 1863ರಲ್ಲಿ ಫುಟ್‌ಬಾಲ್ ಅಸೋಸಿಯೇಷನ್ ಕಟ್ಟಿದವರಿಗೆ ಆಟ ಹವ್ಯಾಸವಾಗಿತ್ತು. ದಕ್ಷಿಣದ ಪ್ರತಿಷ್ಠಿತ ಶಾಲೆಗಳಿಂದ ಬಂದ ಅವರಿಗೆ ಕೂಲಿ ಪಡೆದು ಆಡುವುದೆಂದರೆ ಆಟಕ್ಕೆ ಮೈಲಿಗೆ. ಉತ್ತರದ ಹತ್ತಿ ಗಿರಣಿಗಳ ಊರುಗಳಲ್ಲಿ ಲೆಕ್ಕ ಬೇರೆಯಿತ್ತು. ಶನಿವಾರ ದೂರದ ಊರಿಗೆ ಆಡಲು ಹೋದ ಕಾರ್ಮಿಕ ಅರ್ಧ ದಿನದ ಸಂಬಳ ಕಳೆದುಕೊಳ್ಳುತ್ತಿದ್ದ. ಕಾಲು ಮುರಿದರೆ ಇಡೀ ಸಂಸಾರ ಉಪವಾಸ. ಕದ್ದುಮುಚ್ಚಿ ಹಣ ಕೊಡುವ ಪದ್ಧತಿ ಬೆಳೆಯಿತು. 1884ರಲ್ಲಿ ಪ್ರೆಸ್ಟನ್ ನಾರ್ತ್ ಎಂಡ್ ತಂಡದ ಮುಖ್ಯಸ್ಥ ವಿಲಿಯಂ ಸಡೆಲ್ ತಾವು ಹಣ ಕೊಡುತ್ತಿರುವುದನ್ನು ಬಹಿರಂಗವಾಗಿ ಒಪ್ಪಿಕೊಂಡಾಗ ತಂಡವನ್ನು ಎಫ್‌ಎ ಕಪ್‌ನಿಂದ ಹೊರಗಟ್ಟಲಾಯಿತು. ಉತ್ತರದ ಕ್ಲಬ್ಬುಗಳು ಬೇರೆ ಸಂಸ್ಥೆ ಕಟ್ಟುವ ಬೆದರಿಕೆ ಹಾಕಿದ ಮೇಲೆ, 1885ರ ಜುಲೈನಲ್ಲಿ ಅಸೋಸಿಯೇಷನ್ ಮಣಿದು ವೃತ್ತಿಪರತೆಯನ್ನು ಕಾನೂನುಬದ್ಧಗೊಳಿಸಿತು. ಕಾಯಕದಲ್ಲಿ ಮೇಲು ಕೀಳು ಇಲ್ಲವೆಂದು 12ನೇ ಶತಮಾನದಲ್ಲೇ ಕೇಳಿದ ನಾಡಿನವರಿಗೆ ಈ ಜಗಳ ತುಸು ವಿಚಿತ್ರವಾಗಿ ಕಾಣಬಹುದು. ಆದರೆ ನಮ್ಮಲ್ಲೂ ಆಟವನ್ನೇ ಜೀವನೋಪಾಯವಾಗಿ ಆರಿಸಿಕೊಂಡ ಮಗನಿಗೆ ಹೆಣ್ಣು ಕೊಡಲು ಹಿಂದೆಮುಂದೆ ನೋಡುವ ಮನೆಗಳು ಕಡಿಮೆಯಿಲ್ಲ.

ವೃತ್ತಿಪರತೆಗೆ ಅನುಮತಿ ಸಿಕ್ಕಿದ್ದೇನೋ ಸರಿ, ಅದರೊಂದಿಗೆ ಹೊಸ ಸಂಕಟವೂ ಬಂತು. ಈಗ ಆಟಗಾರರಿಗೆ ವಾರವಾರ ಸಂಬಳ ಕೊಡಬೇಕು. ಹಣ ಬರಬೇಕಾದದ್ದು ಮೈದಾನದ ಬಾಗಿಲಲ್ಲಿ ಮಾರುವ ಟಿಕೆಟ್ಟಿನಿಂದ. ಆದರೆ ಪಂದ್ಯಗಳಿಗೆ ಖಾತ್ರಿಯಿರಲಿಲ್ಲ. ಎಫ್‌ಎ ಕಪ್ ಸೋತವರು ಮನೆಗೆ ಹೋಗುವ ಪಂದ್ಯಾವಳಿ. ಮೊದಲ ಸುತ್ತಿನಲ್ಲೇ ಸೋತ ಕ್ಲಬ್ಬಿಗೆ ವರ್ಷದ ಉಳಿದ ದಿನಗಳಲ್ಲಿ ಸ್ನೇಹಪಂದ್ಯಗಳೇ ಗತಿ. ಎದುರಾಳಿಗೆ ಕಪ್ ಪಂದ್ಯವೊಂದು ಅಡ್ಡ ಬಂದರೆ ಗೊತ್ತುಮಾಡಿದ ಸ್ನೇಹಪಂದ್ಯ ರದ್ದಾಗುತ್ತಿತ್ತು. ತಂಡ ತಡವಾಗಿ ಬರುವುದು, ಅರ್ಧ ಬಲದೊಂದಿಗೆ ಬರುವುದು, ಬಾರದೇ ಇರುವುದು ಎಲ್ಲವೂ ಸಾಮಾನ್ಯ. ಹಣ ಕೊಟ್ಟು ಬಂದ ಪ್ರೇಕ್ಷಕ ಹಿಡಿಶಾಪ ಹಾಕಿ ಮರಳುತ್ತಿದ್ದ. 1887ರಲ್ಲಿ ಆಸ್ಟನ್ ವಿಲ್ಲಾ ಎಫ್‌ಎ ಕಪ್ ಗೆದ್ದಿತ್ತು. ಅಂಥ ಕ್ಲಬ್ಬಿಗೂ ಶನಿವಾರ ಎದುರಾಳಿ ಬರುತ್ತಾನೋ ಇಲ್ಲವೋ ಎಂಬ ಚಿಂತೆ ತಪ್ಪಿರಲಿಲ್ಲ. ಗಿರಾಕಿ ಬಂದಾಗ ಅಂಗಡಿಯ ಬಾಗಿಲು ತೆರೆದಿರಬೇಕೆಂಬುದು ಯಾವ ವ್ಯಾಪಾರಿಗಾದರೂ ಗೊತ್ತಿರುವ ಮೊದಲ ಪಾಠ. ಆ ಪಾಠ ಫುಟ್‌ಬಾಲಿಗೂ ಅನ್ವಯಿಸುತ್ತದೆಂದು ಮೆಕ್‌ಗ್ರೆಗರ್ ಅವರಿಗೆ ಹೊಳೆಯಿತು.

1888ರ ಮಾರ್ಚ್ 2ರಂದು ಅವರು ಐದು ಕ್ಲಬ್ಬುಗಳಿಗೆ ಪತ್ರ ಬರೆದರು: ಬ್ಲ್ಯಾಕ್‌ಬರ್ನ್ ರೋವರ್ಸ್, ಬೋಲ್ಟನ್ ವಾಂಡರರ್ಸ್, ಪ್ರೆಸ್ಟನ್ ನಾರ್ತ್ ಎಂಡ್, ವೆಸ್ಟ್ ಬ್ರಾಮ್‌ವಿಚ್ ಆಲ್ಬಿಯನ್, ಜೊತೆಗೆ ತಮ್ಮದೇ ವಿಲ್ಲಾ. ಪತ್ರದ ಸಾರ ಸರಳವಾಗಿತ್ತು. ಹತ್ತು ಹನ್ನೆರಡು ಪ್ರಮುಖ ಕ್ಲಬ್ಬುಗಳು ಒಂದುಗೂಡಿ, ಪ್ರತಿ ಋತುವಿನಲ್ಲೂ ಪರಸ್ಪರರ ನೆಲದಲ್ಲಿ ಒಂದೊಂದು ಬಾರಿ ಆಡುವ ಒಪ್ಪಂದ ಮಾಡಿಕೊಳ್ಳಬೇಕು. ಆ ದಿನಾಂಕಗಳನ್ನು ಯಾವ ಕಾರಣಕ್ಕೂ ತಪ್ಪಿಸಬಾರದು. ಮಾರ್ಚ್ 23ರಂದು ಲಂಡನ್ನಿನ ಫ್ಲೀಟ್ ಸ್ಟ್ರೀಟ್‌ನ ಆಂಡರ್ಟನ್ಸ್ ಹೋಟೆಲಿನಲ್ಲಿ ಮೊದಲ ಸಭೆ ಸೇರಿತು. ಮರುದಿನವೇ ಎಫ್‌ಎ ಕಪ್ ಫೈನಲ್ ಇದ್ದುದರಿಂದ ಎಲ್ಲರೂ ಹೇಗೂ ಲಂಡನ್ನಿಗೆ ಬರುವರೆಂಬ ಲೆಕ್ಕಾಚಾರ. ಏಪ್ರಿಲ್ 17ರಂದು ಮ್ಯಾಂಚೆಸ್ಟರಿನ ರಾಯಲ್ ಹೋಟೆಲಿನಲ್ಲಿ ನಡೆದ ಎರಡನೇ ಸಭೆಯಲ್ಲಿ ಸಂಸ್ಥೆ ರೂಪುಗೊಂಡಿತು. ಹೆಸರಿನ ಬಗ್ಗೆಯೇ ಒಂದು ಸ್ವಾರಸ್ಯವಿದೆ. ಮೆಕ್‌ಗ್ರೆಗರ್ ಅವರಿಗೆ ಲೀಗ್ ಎಂಬ ಪದ ಹಿಡಿಸಿರಲಿಲ್ಲ. ಆ ಕಾಲದಲ್ಲಿ ಅದು ಐರ್ಲೆಂಡಿನ ಭೂಹೋರಾಟದ ಸಂಘಟನೆಗಳನ್ನು ನೆನಪಿಸುತ್ತಿತ್ತು. ಅವರು ಸೂಚಿಸಿದ ಹೆಸರಿನಲ್ಲಿ ಯೂನಿಯನ್ ಎಂಬ ಪದವಿತ್ತು. ರಗ್ಬಿಯವರ ಸಂಸ್ಥೆಯೊಂದಿಗೆ ಗೊಂದಲವಾಗುತ್ತದೆಂದು ಉಳಿದವರು ಒಪ್ಪಲಿಲ್ಲ. ಸಡೆಲ್ ಅವರು ಸೂಚಿಸಿದ ಫುಟ್‌ಬಾಲ್ ಲೀಗ್ ಎಂಬ ಹೆಸರು ಗೆದ್ದಿತು. ಜಗತ್ತಿನಾದ್ಯಂತ ಇಂದು ಆಟದಿಂದ ಆಟಕ್ಕೆ ಹಬ್ಬಿರುವ ಆ ಪದವನ್ನು ಅದರ ಜನಕರೇ ಬೇಡವೆಂದಿದ್ದರು.

ಸೇರಿದ್ದು 12 ಕ್ಲಬ್ಬುಗಳು: ಲ್ಯಾಂಕಶೈರ್ ಕಡೆಯ ಆರು, ಮಧ್ಯ ಇಂಗ್ಲೆಂಡಿನ ಆರು. ಲಂಡನ್ನಿನಿಂದ ಒಂದೂ ಇಲ್ಲ. ಬೇರೆ ಕ್ಲಬ್ಬುಗಳೂ ಬರಲು ಬಯಸಿದವು. ಆದರೆ ಇದ್ದ 22 ದಿನಾಂಕಗಳಲ್ಲಿ ಹನ್ನೆರಡಕ್ಕಿಂತ ಹೆಚ್ಚು ತಂಡಗಳು ಹಿಡಿಸುತ್ತಿರಲಿಲ್ಲ. ನಾಟಿಂಗ್‌ಹ್ಯಾಮ್ ಫಾರೆಸ್ಟ್‌ನಂಥ ಹೆಸರಾಂತ ಕ್ಲಬ್ಬು ಹೊರಗುಳಿಯಿತು. ದೇಶದ ದೊಡ್ಡ ತಂಡಗಳನ್ನೆಲ್ಲ ಗುಡ್ಡೆಹಾಕಿ ದೊಡ್ಡ ಹೆಸರಿಡುವುದಕ್ಕಿಂತ, ಕೊಟ್ಟ ಮಾತು ಉಳಿಸಿಕೊಳ್ಳಲು ಸಾಧ್ಯವಿರುವಷ್ಟೇ ತಂಡಗಳನ್ನು ಸೇರಿಸಿಕೊಂಡದ್ದು ವ್ಯಾಪಾರಿಯ ವಿವೇಕ. 1888ರ ಸೆಪ್ಟೆಂಬರ್ 8ರಂದು ಮೊದಲ ಪಂದ್ಯಗಳು ನಡೆದವು. ಆಟ ಶುರುವಾಗಿ ಎರಡು ತಿಂಗಳಾದರೂ ಅಂಕ ನೀಡುವ ಕ್ರಮವೇ ನಿರ್ಧಾರವಾಗಿರಲಿಲ್ಲ! ಗೆಲುವಿಗೆ 2, ಸಮಕ್ಕೆ 1 ಎಂಬ ನಿಯಮ ಅಂತಿಮವಾದದ್ದು ನವೆಂಬರಿನಲ್ಲಿ. ಪ್ರೆಸ್ಟನ್ ತಂಡ 22 ಪಂದ್ಯಗಳಲ್ಲಿ 18 ಗೆದ್ದು 4 ಸಮ ಮಾಡಿಕೊಂಡು, ಒಂದನ್ನೂ ಸೋಲದೆ ಮೊದಲ ಚಾಂಪಿಯನ್ ಆಯಿತು. 11 ಅಂಕಗಳ ಹಿಂದೆ ಎರಡನೆಯದಾಗಿ ನಿಂತದ್ದು ಮೆಕ್‌ಗ್ರೆಗರ್ ಅವರ ವಿಲ್ಲಾ. ಕೊನೆಯ ನಾಲ್ಕು ತಂಡಗಳು ಮರುಆಯ್ಕೆ ಬೇಡಿ ಉಳಿದವರ ಮುಂದೆ ನಿಲ್ಲಬೇಕೆಂಬ ನಿಯಮವಿತ್ತು. 1890ರಲ್ಲಿ ಸ್ಟೋಕ್ ಸ್ಥಾನ ಕಳೆದುಕೊಂಡು ಸಂಡರ್ಲೆಂಡ್ ಒಳಬಂದಿತು. 1892ರಲ್ಲಿ ಎರಡನೇ ವಿಭಾಗ ಶುರುವಾಯಿತು. ಮರುವರ್ಷ ವುಲ್‌ವಿಚ್ ಆರ್ಸೆನಲ್ ಸೇರಿದಾಗ ದಕ್ಷಿಣ ಇಂಗ್ಲೆಂಡಿಗೂ ಲೀಗ್ ತಲುಪಿತು. ರಾಷ್ಟ್ರೀಯ ಎಂಬ ವಿಶೇಷಣಕ್ಕೆ ಅದು ಅರ್ಹವಾದದ್ದು ಹೀಗೆ, ಹಂತಹಂತವಾಗಿ.

ಇಲ್ಲಿ ನಾವು ಗಮನಿಸಬೇಕಾದ ಒಂದು ಕಾಕತಾಳೀಯವಿದೆ. ಅದೇ 1888ರಲ್ಲಿ ಭಾರತದಲ್ಲಿ ಡ್ಯುರಾಂಡ್ ಕಪ್ ಆರಂಭವಾಯಿತು. ಬ್ರಿಟಿಷ್ ಅಧಿಕಾರಿ ಮಾರ್ಟಿಮರ್ ಡ್ಯುರಾಂಡ್ ಸೈನಿಕ ತಂಡಗಳಿಗಾಗಿ ಹಿಮಾಲಯದ ತಪ್ಪಲಿನಲ್ಲಿ ನಡೆಸಿದ ಪಂದ್ಯಾವಳಿಯದು. ಬಳಿಕ ಮುಂಬೈಯಲ್ಲಿ 1891ರಲ್ಲಿ ರೋವರ್ಸ್ ಕಪ್, ಕೋಲ್ಕತ್ತದಲ್ಲಿ 1893ರಲ್ಲಿ ಐಎಫ್‌ಎ ಶೀಲ್ಡ್ ಬಂದವು. ಇಂಗ್ಲೆಂಡ್ ಸಂತೆ ಕಟ್ಟಿದ ವರ್ಷವೇ ಅದರ ವಸಾಹತಿಗೆ ಜಾತ್ರೆ ದೊರೆಯಿತು. ಕೋಲ್ಕತ್ತದಂಥ ಊರುಗಳಲ್ಲಿ ಸ್ಥಳೀಯ ಲೀಗುಗಳು ಬೇಗನೆ ಬೇರೂರಿದರೂ, ದೇಶಕ್ಕೆಲ್ಲ ಒಂದು ಲೀಗ್ ಬರಲು 1996ರವರೆಗೆ, ಎಂದರೆ 108 ವರ್ಷ ಕಾಯಬೇಕಾಯಿತು.

ಆ ವಿಳಂಬಕ್ಕೆ ಬೆಲೆ ತೆತ್ತವರಲ್ಲಿ ನಮ್ಮವರೂ ಇದ್ದಾರೆ. ಬೆಂಗಳೂರು ಮುಸ್ಲಿಮ್ಸ್ ತಂಡ 1937ರಲ್ಲಿ ರೋವರ್ಸ್ ಕಪ್ ಗೆದ್ದಾಗ, ಆ ಕಪ್ ಎತ್ತಿದ ಮೊದಲ ಭಾರತೀಯ ತಂಡವೆನಿಸಿತು. ಮರುವರ್ಷ ಮತ್ತೆ ಗೆದ್ದಿತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಅದೇ ತಂಡದಲ್ಲಿದ್ದ ಬೆಂಗಳೂರಿನ ಅಹ್ಮದ್ ಖಾನ್ 1949ರಲ್ಲಿ ಕೋಲ್ಕತ್ತದ ಈಸ್ಟ್ ಬೆಂಗಾಲ್ ಸೇರಿ, ತಮ್ಮ ಬದುಕಿನ ಉತ್ತಮ ಆಟವನ್ನೆಲ್ಲ ಅಲ್ಲಿನ ಪ್ರೇಕ್ಷಕರಿಗೆ ತೋರಿದರು. ಮೈಸೂರು ರಾಜ್ಯ 1946–47, 1952–53, 1967–68, 1968–69ರಲ್ಲಿ ಸಂತೋಷ್ ಟ್ರೋಫಿ ಗೆದ್ದಿತು. ಮತ್ತೊಮ್ಮೆ ಗೆಲ್ಲಲು ಕರ್ನಾಟಕ 2023ರ ಮಾರ್ಚ್‌ವರೆಗೆ ಕಾಯಿತು. ಪ್ರತಿಭೆಗೆ ಬರವಿರಲಿಲ್ಲ. ವಾರವಾರ ಆಡಲು ಪಂದ್ಯ, ತಿಂಗಳು ತಿಂಗಳು ಸಂಬಳ ಇವೆರಡೂ ಒಟ್ಟಿಗೆ ಸಿಗುವ ಏರ್ಪಾಡು ಮಾತ್ರ ಊರಿನಲ್ಲಿರಲಿಲ್ಲ. ಐಟಿಐ, ಎಚ್‌ಎಎಲ್‌ನಂಥ ಸಾರ್ವಜನಿಕ ಉದ್ಯಮಗಳು ಆಟಗಾರರಿಗೆ ನೌಕರಿ ಕೊಟ್ಟು ಆ ಕೊರತೆಯನ್ನು ಒಂದಿಷ್ಟು ತುಂಬಿದವು. ಆಟ ಮುಗಿದ ಮೇಲೂ ಪಿಂಚಣಿಯಿರುವ ಆ ವ್ಯವಸ್ಥೆಯನ್ನು ಹಳಬರು ಇಂದಿಗೂ ಕೃತಜ್ಞತೆಯಿಂದ ನೆನೆಯುತ್ತಾರೆ. ಅದನ್ನು ಹಗುರವಾಗಿ ಕಾಣುವಂತಿಲ್ಲ.

1996ರ ರಾಷ್ಟ್ರೀಯ ಲೀಗ್ 2007ರಲ್ಲಿ ಐ–ಲೀಗ್ ಆಗಿ ಹೆಸರು ಬದಲಿಸಿತು. ಮೊದಲ ರಾಷ್ಟ್ರೀಯ ಲೀಗಿನ ಚಾಂಪಿಯನ್ ಪಂಜಾಬಿನ ಜೆಸಿಟಿ ತಂಡವೇ 2011ರಲ್ಲಿ ಬಾಗಿಲು ಹಾಕಿತು. 2010ರಲ್ಲಿ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ತನ್ನ ವಾಣಿಜ್ಯ ಹಕ್ಕುಗಳನ್ನು 700 ಕೋಟಿ ರೂಪಾಯಿಗೆ 15 ವರ್ಷಗಳ ಕಾಲ ಖಾಸಗಿ ಪಾಲುದಾರರಿಗೆ ವಹಿಸಿತು. ಅದರ ಫಲವಾಗಿ 2014ರಲ್ಲಿ ಇಂಡಿಯನ್ ಸೂಪರ್ ಲೀಗ್ ಹುಟ್ಟಿತು. ಹೊನಲು ಬೆಳಕು, ಚಿತ್ರತಾರೆಯರು, ವಿದೇಶಿ ಆಟಗಾರರು, ದೂರದರ್ಶನದ ಪ್ರೇಕ್ಷಕರು ಎಲ್ಲವೂ ಬಂದವು. 2013ರಲ್ಲಿ ಸ್ಥಾಪನೆಯಾದ ಬೆಂಗಳೂರು ಎಫ್‌ಸಿ ಮೊದಲ ಯತ್ನದಲ್ಲೇ ಐ–ಲೀಗ್ ಗೆದ್ದು, 2017ರಲ್ಲಿ ಹೊಸ ಲೀಗಿಗೆ ಬಂದು, 2018–19ರಲ್ಲಿ ಅಲ್ಲೂ ಚಾಂಪಿಯನ್ ಆಯಿತು. ಕಂಠೀರವ ಕ್ರೀಡಾಂಗಣದಲ್ಲಿ ನೀಲಿ ಅಂಗಿ ತೊಟ್ಟ ಯುವಕರ ಗದ್ದಲ ಕೇಳಿದವರಿಗೆ, ಬೆಂಗಳೂರಿಗೆ ಕೊನೆಗೂ ತನ್ನದೇ ಸಂತೆಯೊಂದು ಸಿಕ್ಕಿತೆಂದು ಅನಿಸಿದ್ದರೆ ತಪ್ಪಲ್ಲ.

ಆದರೆ ಈ ಸಂತೆಯ ಜಾಗ ವ್ಯಾಪಾರಿಗಳದ್ದಾಗಿರಲಿಲ್ಲ. ಆಟಗಾರರಿಗೆ ಸಂಬಳ ಕೊಡುವ ಹೊಣೆ ಕ್ಲಬ್ಬುಗಳದು. ಲೀಗ್ ನಡೆಯುವುದೋ ಇಲ್ಲವೋ ಎಂಬ ತೀರ್ಮಾನ ಫೆಡರೇಷನ್ ಮತ್ತು ಒಂದು ಕಂಪನಿಯ ನಡುವಿನ ಒಪ್ಪಂದದ ಕೈಯಲ್ಲಿ. 15 ವರ್ಷಗಳ ಆ ಒಪ್ಪಂದ 2025ರ ಡಿಸೆಂಬರಿನಲ್ಲಿ ಮುಗಿಯಲಿತ್ತು. ನವೀಕರಣ ಖಚಿತವಾಗದ ಕಾರಣ 2025ರ ಜುಲೈನಲ್ಲಿ ಮುಂದಿನ ಋತುವನ್ನು ತಡೆಹಿಡಿಯಲಾಯಿತು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಹಿರಿಯ ತಂಡದ ಆಟಗಾರರ ಮತ್ತು ಸಿಬ್ಬಂದಿಯ ವೇತನವನ್ನು ತಾತ್ಕಾಲಿಕವಾಗಿ ನಿಲ್ಲಿಸಿತು. ವಿಷಯ ಸುಪ್ರೀಂ ಕೋರ್ಟಿನ ಮುಂದಿತ್ತು. ಹೊಸ ಪಾಲುದಾರರಿಗಾಗಿ ಕರೆದ ಟೆಂಡರಿಗೆ ನವೆಂಬರಿನಲ್ಲಿ ಒಂದು ಬಿಡ್ಡೂ ಬರಲಿಲ್ಲ. ಕೇಂದ್ರ ಸರ್ಕಾರ ಮಧ್ಯೆ ಬಂದ ಮೇಲೆ, 14 ಕ್ಲಬ್ಬುಗಳ ಲೀಗ್ 2026ರ ಫೆಬ್ರುವರಿ 14ರಂದು ಶುರುವಾಯಿತು. ಅದೂ ಮೊಟಕುಗೊಂಡ ರೂಪದಲ್ಲಿ. ಪ್ರತಿ ತಂಡ ಉಳಿದ ಪ್ರತಿಯೊಂದರೊಡನೆ ಒಂದೇ ಬಾರಿ, ಅಂದರೆ ತಲಾ 13 ಪಂದ್ಯ. ರೈಲಿನಲ್ಲಿ ಓಡಾಡುತ್ತಿದ್ದ, ಹೊನಲು ಬೆಳಕಿಲ್ಲದ, ಅಂಕದ ನಿಯಮವೂ ಗೊತ್ತಿಲ್ಲದ ಮೆಕ್‌ಗ್ರೆಗರ್ ಅವರ ಹನ್ನೆರಡು ಕ್ಲಬ್ಬುಗಳು ಮೊದಲ ವರ್ಷವೇ ತಲಾ 22 ಪಂದ್ಯ ಆಡಿ ಮುಗಿಸಿದ್ದವು. ತಮ್ಮ ವೇಳಾಪಟ್ಟಿಯನ್ನು ತಾವೇ ಮಾಡಿಕೊಂಡು, ತಾವೇ ಅದಕ್ಕೆ ಕಟ್ಟುಬಿದ್ದ ಕಾರಣದಿಂದ.

ಹಾಗೆಂದು ಮೆಕ್‌ಗ್ರೆಗರ್ ಕಟ್ಟಿದ ಮನೆಯಲ್ಲಿ ಎಲ್ಲವೂ ನ್ಯಾಯವಾಗಿತ್ತೆಂದು ತಿಳಿಯಬೇಕಿಲ್ಲ. ಕ್ಲಬ್ಬುಗಳ ಒಕ್ಕೂಟವಾಗಿದ್ದ ಲೀಗಿನಲ್ಲಿ ಆಟಗಾರರಿಗೆ ಮತವಿರಲಿಲ್ಲ. ಒಪ್ಪಂದದ ಅವಧಿ ಮುಗಿದರೂ ಹಳೆಯ ಕ್ಲಬ್ಬಿನ ಅನುಮತಿಯಿಲ್ಲದೆ ಆಟಗಾರ ಬೇರೆಡೆ ಹೋಗುವಂತಿಲ್ಲವೆಂಬ ಪದ್ಧತಿ 1890ರ ದಶಕದಲ್ಲೇ ಬೇರೂರಿತು. 1901ರಿಂದ ವಾರಕ್ಕೆ 4 ಪೌಂಡಿಗಿಂತ ಹೆಚ್ಚು ಸಂಬಳ ಕೊಡಬಾರದೆಂಬ ಮಿತಿ ಜಾರಿಗೆ ಬಂತು. ಸಾವಿರಾರು ಜನರನ್ನು ಮೈದಾನಕ್ಕೆ ಸೆಳೆಯುವ ಆಟಗಾರನ ಗಳಿಕೆಗೆ ಹೀಗೆ ಬೇಲಿ ಬಿತ್ತು. 1907ರಲ್ಲಿ ಆಟಗಾರರು ತಮ್ಮದೇ ಸಂಘ ಕಟ್ಟಿಕೊಂಡರು. ವೇತನ ಮಿತಿ ಕೊನೆಗೊಂಡದ್ದು 1961ರಲ್ಲಿ. ಸಂತೆಯ ಕಟ್ಟಳೆ ವ್ಯಾಪಾರಿಯನ್ನು ಉಳಿಸಿತು, ಆದರೆ ಸರಕು ಹೊರುವವನ ಮಾತು ಕೇಳಲು ಬಹುಕಾಲ ಹಿಡಿಯಿತು. ಇದನ್ನು ಮರೆತು ಲೀಗಿನ ಜನಕರನ್ನು ಬರೀ ಹೊಗಳುವುದು ಅರ್ಧ ಚರಿತ್ರೆಯಾದೀತು.

ಲೀಗಿನ ಮೊದಲ ಅಧ್ಯಕ್ಷರಾಗಿ ಆರಂಭದ ವರ್ಷಗಳನ್ನು ದಾಟಿಸಿದ ಮೆಕ್‌ಗ್ರೆಗರ್, 1890ರ ದಶಕದಲ್ಲಿ ಅಧಿಕಾರ ಬಿಟ್ಟು ಅದರ ಆಜೀವ ಸದಸ್ಯರಾದರು. ಹಠ ಮಾಡುವವರಲ್ಲ, ಜಗಳವಾಡುವವರ ನಡುವೆ ಕುಳಿತು ರಾಜಿ ಮಾಡಿಸುವವರೆಂದು ಅವರಿಗೆ ಹೆಸರಿತ್ತು. ತಮ್ಮ ಕಲ್ಪನೆಯಿಂದ ಲಕ್ಷಾಂತರ ಪೌಂಡು ಓಡಾಡುವ ಉದ್ಯಮವೊಂದು ಬೆಳೆದರೂ ಅವರು ಉಳಿದದ್ದು ಬರ್ಮಿಂಗ್‌ಹ್ಯಾಮ್‌ನ ಬಟ್ಟೆ ವ್ಯಾಪಾರಿಯಾಗಿಯೇ. ಕೊನೆಯ ದಿನಗಳಲ್ಲಿ ಫುಟ್‌ಬಾಲ್ ಅಸೋಸಿಯೇಷನ್ ಅವರ ದೀರ್ಘ ಸೇವೆಗೆ ಪದಕ ನೀಡಿತು. ಲೀಗನ್ನು ಮೊದಮೊದಲು ಅನುಮಾನದಿಂದ ಕಂಡವರು ಆ ಸಂಸ್ಥೆಯಲ್ಲೂ ಇದ್ದರು.

1911ರ ಜುಲೈನಲ್ಲಿ ಕೋಲ್ಕತ್ತದ ಮೋಹನ್ ಬಾಗನ್ ಬರಿಗಾಲ ಆಟಗಾರರೊಂದಿಗೆ ಬ್ರಿಟಿಷ್ ಸೇನಾ ತಂಡವನ್ನು ಸೋಲಿಸಿ ಐಎಫ್‌ಎ ಶೀಲ್ಡ್ ಗೆದ್ದಿತು. ಅದೇ ವರ್ಷದ ಡಿಸೆಂಬರ್ 20ರಂದು ಮೆಕ್‌ಗ್ರೆಗರ್ ಬರ್ಮಿಂಗ್‌ಹ್ಯಾಮ್‌ನಲ್ಲಿ ತೀರಿಕೊಂಡರು. ಹ್ಯಾಂಡ್ಸ್‌ವರ್ತ್‌ನ ಸೇಂಟ್ ಮೇರಿ ಚರ್ಚಿನ ಆವರಣದಲ್ಲಿ, ತಮಗಿಂತ ಮೊದಲೇ ಅಗಲಿದ್ದ ಪತ್ನಿಯ ಪಕ್ಕದಲ್ಲಿ ಅವರನ್ನು ಮಣ್ಣು ಮಾಡಲಾಯಿತು. ವಿಲ್ಲಾ ಪಾರ್ಕ್ ಮೈದಾನದ ಹೊರಗೆ ಅವರ ಕಂಚಿನ ಪ್ರತಿಮೆ ನಿಂತದ್ದು 2009ರಲ್ಲಿ. ಪಂದ್ಯದ ದಿನ ಜನ ಅದರ ಮುಂದಿನಿಂದಲೇ ಒಳಗೆ ಹೋಗುತ್ತಾರೆ.